ಬಾಣದ ಬಾಲದ ಚುಕ್ಕೆ

೬ ಜನವರಿ, ಮಂಗಳವಾರ. ತಿಪಟೂರು

ಮತ್ತೆ ಅದೇ ಲಾಡ್ಜು, ಅದೇ ರೂಮು. ಕಿಟಕಿ ತೆಗೆದರೆ ಕೊಬ್ಬರಿ ಮಂಡಿಯ ವಾಸನೆ. ಹುಳಿಯಾರಿನಲ್ಲಿ ಹುಟ್ಟಿ ಬೆಳೆದ ನನಗೆ ಈ ವಾಸನೆ ಗೊತ್ತೇ ಆಗಬಾರದು. ಆದರೂ ಪ್ರತಿ ವರ್ಷ ಮೊದಲ ದಿನ ಮೂಗಿಗೆ ಹೊಡೆಯುತ್ತದೆ.

ಬೆಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಮ್ಮ ಲ್ಯಾಬಿನ ಮುಖ್ಯಸ್ಥರಾದ ಸರ್ ಬಾಯಿಂದ 'ರುಕ್ಸಾನ' ಎಂಬ ಹೆಸರು ಬಂದದ್ದು ಹತ್ತೊಂಬತ್ತು ಸಲ. ಎಣಿಸಲು ಶುರು ಮಾಡಿದ್ದು ತುಮಕೂರು ದಾಟಿದ ಮೇಲೆ, ಅದಕ್ಕೂ ಮುಂಚಿನದು ಸೇರಿಲ್ಲ. 'ಜೀವಿತಾ' ಎಂಬ ನನ್ನ ಹೆಸರು ಎರಡು ಸಲ. ಒಮ್ಮೆ ನೀರಿನ ಬಾಟಲಿ ಕೊಡಿ ಎನ್ನಲು, ಒಮ್ಮೆ ಜೀಪಿನ ಗಾಜು ಏರಿಸಿ ಎನ್ನಲು.

ಹೊಸ ಡೈರಿಯಲ್ಲಿ ನಿಜವನ್ನೇ ಬರೆಯಬೇಕು ಎಂದುಕೊಂಡಿದ್ದೇನೆ. ನಿಜ ಏನೆಂದರೆ ನನಗೆ ಹೊಟ್ಟೆಕಿಚ್ಚು. ನನಗೆ ಮೂವತ್ತೊಂಬತ್ತು, ಅವಳಿಗೆ ಇಪ್ಪತ್ತೇಳು. ಲ್ಯಾಬಿನಲ್ಲಿ ನಾನು ಟೆಕ್ನಿಕಲ್ ಅಸಿಸ್ಟೆಂಟ್, ಅವಳು ಪಿಎಚ್‌ಡಿ ವಿದ್ಯಾರ್ಥಿನಿ. ಕಲ್ಲು ಕೊರೆಯುವ ಡ್ರಿಲ್ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ನಾನು. ಹನ್ನೊಂದು ವರ್ಷದ ಹಿಂದೆ ಇದೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕರಿಕಲ್ಲುಗಳಲ್ಲಿ ತಲೆಕೆಳಗಾದ ಕಾಂತದಿಕ್ಕನ್ನು ಹುಡುಕುತ್ತಾ ಅರವತ್ತು ಕಡೆ ಕೊರೆದವಳೂ ನಾನೇ. ಅರವತ್ತರಲ್ಲಿ ಒಂದೂ ಸಿಗಲಿಲ್ಲ. ಪಿಎಚ್‌ಡಿ ಅಲ್ಲಿಗೇ ಬಿಟ್ಟೆ. ಅವಳಿಗೆ ಹದಿನೇಳನೆಯ ತಾಣದಲ್ಲೇ ಸಿಕ್ಕಿತು. ಹದಿನೇಳು! ಇದಕ್ಕೆ ಏನು ಹೇಳಬೇಕು? ಹಲ್ಲಿದ್ದವಳಿಗೆ ಕಡಲೆ ಇಲ್ಲ ಎಂದು ನನ್ನ ಹಣೆಯಲ್ಲಿ ಬರೆದಿತ್ತು, ಅಷ್ಟೆ.

೮ ಜನವರಿ, ಗುರುವಾರ

ಕಂದಿಕೆರೆ ಹತ್ತಿರ ದೊಡ್ಡಣ್ಣನ ತೋಟ. ಆ ಹೆಸರುವಾಸಿ ಹದಿನೇಳನೆಯ ತಾಣ ಇದೇ. ತೆಂಗಿನ ಸಾಲುಗಳ ನಡುವೆ ಕರಿಕಲ್ಲಿನ ಗೋಡೆಯೊಂದು ಮೊಣಕಾಲೆತ್ತರಕ್ಕೆ ಎದ್ದು ಬಾವಿಯ ತನಕ ಹೋಗಿ ಮಣ್ಣಿನಲ್ಲಿ ಮುಳುಗುತ್ತದೆ. ನಮಗೆ ಅದು ಡೈಕ್. ದೊಡ್ಡಣ್ಣನ ಮನೆಯವರಿಗೆ ಬಟ್ಟೆ ಒಗೆಯುವ ಬಂಡೆ. ಎರಡು ವರ್ಷದ ಹಿಂದೆ ನಾವು ಕೊರೆದ ಎಂಟು ತೂತುಗಳಲ್ಲಿ ಈಗ ಸೋಪಿನ ನೀರು ನಿಂತಿದೆ.

ಇವತ್ತು ಇಲ್ಲಿ ಬರೀ ಫೋಟೋ. ಸರ್ ಬಂಡೆಯ ಮುಂದೆ ರುಕ್ಸಾನಳನ್ನು ನಿಲ್ಲಿಸಿ ತೆಗೆಸಿದರು. ಅಳತೆಗೋಲು ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನು. ಫೋಟೋದಲ್ಲಿ ಕೋಲು ಬಂದಿದೆ, ಕೋಲಿನ ಜೊತೆ ನನ್ನ ಎರಡು ಬೆರಳು ಬಂದಿವೆ.

ದೊಡ್ಡಣ್ಣ ಕೇಳಿದ, "ಅಲ್ಲ ಕಣವ್ವ, ಕಲ್ಲಿಗೆ ಉತ್ತರ ದಕ್ಷಿಣ ಹೆಂಗ್ ಗೊತ್ತಾಯ್ತದೆ?"

ರುಕ್ಸಾನ ಬಂಡೆಯ ಮೇಲೆ ಕುಳಿತೇ ಹೇಳಿದಳು, "ಈ ಬಂಡೆ ಒಂದ್ ಕಾಲದಲ್ಲಿ ಬೆಲ್ಲದ ಪಾಕ ಇದ್ದಂಗಿತ್ತು ದೊಡ್ಡಣ್ಣ. ಕೆಳಗಿಂದ ಉಕ್ಕಿ ಬಂದು ಬಿರುಕಲ್ಲಿ ತುಂಬ್ಕಂಡು ಆರೋಯ್ತು. ಆರೋವಾಗ ಒಳಗಿದ್ದ ಕಬ್ಬಿಣದ ಕಣ ಎಲ್ಲಾ, ಅವತ್ತು ಭೂಮಿ ಎತ್ತ ಎಳೀತಿತ್ತೋ ಅತ್ತ ಮುಖ ಮಾಡಿ ನಿಂತ್‌ಬುಟ್ವು. ಆಮೇಲೆ ಭೂಮಿ ಮನಸ್ಸು ಬದಲಾಯ್ಸಿ ಉತ್ತರಾನೇ ದಕ್ಷಿಣ ಮಾಡ್ಕಂಡ್ರೂ ಕಲ್ಲು ಮಾತ್ರ ಹಳೇ ಮಾತು ಬುಡಾಕಿಲ್ಲ."

"ನಮ್ಮಪ್ಪನಂಗೆ ಅನ್ನು," ಎಂದ ದೊಡ್ಡಣ್ಣ. ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ.

ಇದೇ ದೊಡ್ಡಣ್ಣನಿಗೆ ಹನ್ನೊಂದು ವರ್ಷದ ಹಿಂದೆ ಅರ್ಧ ಗಂಟೆ ನಾನು ಇದನ್ನೇ ಹೇಳಿದ್ದೆ. ಆಕಳಿಸಿದ್ದ. "ನಮ್ಮವ್ವ ಬಟ್ಟೆ ಒಗೆಯೋ ಕಲ್ಲು, ತೂತು ಗೀತು ಬ್ಯಾಡ" ಎಂದು ಕಳಿಸಿಬಿಟ್ಟಿದ್ದ. ನಾನು ಆಚೆಯ ತೋಟದ ಬೇರೆ ಬಂಡೆಯನ್ನು ಕೊರೆದುಕೊಂಡು ಹೋದೆ. ಇವಳಿಗೆ ಯಾಕೆ ಬಿಟ್ಟೆ ಎಂದು ಇವತ್ತು ಕೇಳಿಯೇಬಿಟ್ಟೆ. "ಗಯಾಜ್ ಸಾಬ್ರು ಇಪ್ಪತ್ ವರ್ಷದಿಂದ ನಮ್ ಪಂಪ್‌ಸೆಟ್ ರಿಪೇರಿ ಮಾಡ್ತಾವ್ರೆ. ಅವರ ಮಗಳು ಬಂದು ಕೇಳಿದ್ರೆ ಇಲ್ಲ ಅನ್ನಕಾಯ್ತದಾ?" ಅಂದ. ನೋಡಿ, ವಿಜ್ಞಾನ ನಡೆಯುವುದು ಹೀಗೆ. ನಮ್ಮಪ್ಪ ಹುಳಿಯಾರಿನಲ್ಲಿ ಮೇಷ್ಟರಾಗಿದ್ದರು, ಒಂದು ಪಂಪ್‌ಸೆಟ್ಟನ್ನೂ ರಿಪೇರಿ ಮಾಡಲಿಲ್ಲ.

ಮಧ್ಯಾಹ್ನ ಹಳ್ಳದಾಚೆ ಬೇರೆ ಡೈಕಿನಲ್ಲಿ ಕೆಲಸ. ಅವಳು ಕೊರೆದಳು, ನಾನು ಗುರುತು ಹಾಕಿದೆ, ಆಮೇಲೆ ಅದಲು ಬದಲು. ಬೆರಳುದ್ದದ ಕಲ್ಲಿನ ಕೋರ್ ಹೊರಗೆ ಬಂದ ಕೂಡಲೇ ಅದರ ಮೈಮೇಲೆ ಬಾಣ ಬರೆಯಬೇಕು. ಬಾಣ ನೆಲದ ಒಳಕ್ಕೆ ತೋರಬೇಕು, ಇದು ಈಗಿನ ನಿಯಮ. ನನ್ನ ಹಳೆಯ ಗುರುಗಳ ಕಾಲದಲ್ಲಿ ಹೊರಕ್ಕೆ ತೋರಿಸುತ್ತಿದ್ದೆವು. ಈ ಸರ್ ಬಂದ ಮೇಲೆ ಬದಲಾಯಿತು. ಗುರುಗಳಿಂದ ನಾನು ಉಳಿಸಿಕೊಂಡದ್ದು ಒಂದೇ: ಬಾಣದ ಬಾಲದಲ್ಲಿ ಒಂದು ಚುಕ್ಕೆ. ಬಾಣದ ತಲೆ ಅಳಿಸಿದರೂ ಬಾಲ ಯಾವುದೆಂದು ತಿಳಿಯುತ್ತದೆ. ರುಕ್ಸಾನಳಿಗೆ ಎಷ್ಟು ಹೇಳಿದರೂ ಚುಕ್ಕೆ ಇಡುವುದಿಲ್ಲ. "ಅಷ್ಟು ಟೈಮ್ ಎಲ್ಲೈತೆ ಅಕ್ಕ" ಅನ್ನುತ್ತಾಳೆ.

ಸರ್ ಇವತ್ತು: ರುಕ್ಸಾನ ಇಪ್ಪತ್ತೆರಡು, ಜೀವಿತಾ ಒಂದು.

೧೦ ಜನವರಿ, ಶನಿವಾರ

ಡೈಕುಗಳಿಂದ ಹೆಕ್ಕಿ ಅಳತೆಗೆ ಕಳಿಸಿದ್ದ ಹರಳುಗಳ ವಯಸ್ಸು ಬಂತು. ಸರ್ ಫೋನ್ ಹಿಡಿದುಕೊಂಡು ಲಾಡ್ಜಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಅರವತ್ತು ವರ್ಷದ ಮನುಷ್ಯ.

ದೊಡ್ಡಣ್ಣನ ಬಂಡೆಯೂ ಅದು ಅಡ್ಡ ಹಾಯುವ ಇನ್ನೊಂದು ಡೈಕೂ ಇನ್ನೂರು ಕೋಟಿ ವರ್ಷಕ್ಕೂ ಹಳೆಯವು. ಹಳೆಯ ಡೈಕಿನಲ್ಲಿ ಕಾಂತದಿಕ್ಕು ನೆಟ್ಟಗಿದೆ, ಅದನ್ನು ಸೀಳಿಕೊಂಡು ಹೋಗಿರುವ ದೊಡ್ಡಣ್ಣನ ಬಂಡೆಯಲ್ಲಿ ತಲೆಕೆಳಗು. ಎರಡರ ವಯಸ್ಸಿನ ನಡುವೆ ಎಲ್ಲೋ ಭೂಮಿ ಮಗ್ಗುಲು ಬದಲಾಯಿಸಿದೆ. ಇದುವರೆಗೆ ಆ 'ಎಲ್ಲೋ' ಎಂಬುದು ನಾಲ್ಕು ಕೋಟಿ ವರ್ಷದಷ್ಟು ಅಗಲವಿತ್ತು. ಈಗ ಇಪ್ಪತ್ತು ಲಕ್ಷ ವರ್ಷಕ್ಕೆ ಇಳಿದಿದೆ. ರುಕ್ಸಾನ ಆರು ತಿಂಗಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕೂದಲೆಳೆಗಿಂತ ಸಣ್ಣ ಹರಳುಗಳನ್ನು ಒಂದೊಂದಾಗಿ ಹೆಕ್ಕಿದ್ದಳು. ಅದರಿಂದಲೇ ಇದು ಆಯಿತು. ಅದನ್ನು ಒಪ್ಪಿಕೊಳ್ಳಲೇಬೇಕು, ಒಪ್ಪಿಕೊಂಡಿದ್ದೇನೆ, ಮುಗಿಯಿತು.

ಅವಳು ನನ್ನನ್ನು ತಬ್ಬಿಕೊಂಡು, "ಅಕ್ಕ, ನೀವು ಹುಡುಕ್ತಿದ್ದಿದ್ದು ಸಿಕ್ತು," ಅಂದಳು. ಆ ಮಾತು ಬೇಕಿರಲಿಲ್ಲ. ಅವಳ ಅಪ್ಪ ಗಯಾಜ್ ಗ್ಯಾರೇಜಿನಿಂದ ಒಂದು ಡಬ್ಬಿ ಖೋವಾ ಬರ್ಫಿ ಕಳಿಸಿದ್ದರು. ಒಂದು ತುಂಡು ತಿಂದೆ. ಒಳ್ಳೆಯ ಬರ್ಫಿ. ಎರಡನೆಯದು ಮುಟ್ಟಲಿಲ್ಲ.

ಮೂವತ್ತೊಂದು. ನನ್ನದು ಸೊನ್ನೆ.

೧೨ ಜನವರಿ, ಸೋಮವಾರ

ಪ್ರಬಂಧದ ಕರಡನ್ನು ಸರ್ ನನಗೂ ಕಳಿಸಿದರು, ಪಟ್ಟಿಗಳಲ್ಲಿ ಅಂಕಿ ತಪ್ಪಿದೆಯೇ ನೋಡಲು. ಮೊದಲ ಹೆಸರು ರುಕ್ಸಾನ, ಕೊನೆಯ ಹೆಸರು ಸರ್. ನನ್ನದು ಎಲ್ಲ ಮುಗಿದ ಮೇಲೆ ಸಣ್ಣಕ್ಷರದಲ್ಲಿ, ಕ್ಷೇತ್ರಕಾರ್ಯದಲ್ಲಿ ನೆರವಾದವರು ಎಂದು, ಜೀಪಿನ ಡ್ರೈವರ್ ಜೊತೆಯಲ್ಲಿ. ಡ್ರೈವರ್ ಹೆಸರು ಮೊದಲು.

ಸಿಟ್ಟಿನಲ್ಲಿ ಪಟ್ಟಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಹದಿನೇಳನೆಯ ತಾಣ, ಎಂಟು ಕೋರು. ತಲೆಕೆಳಗಾದದ್ದು ಆರು ಮಾತ್ರ! ಉಳಿದ ಎರಡರಲ್ಲಿ ದಿಕ್ಕು ಎಲ್ಲ ಕಲ್ಲುಗಳಂತೆ ನೆಟ್ಟಗೇ ಇದೆ. 'ಸಿಡಿಲು ಬಡಿದಿರಬಹುದು' ಎಂದು ಆ ಎರಡನ್ನು ಕೈಬಿಟ್ಟಿದ್ದಾರೆ. ಸಿಡಿಲಂತೆ. ಸಿಡಿಲು ಬಡಿದ ಕಲ್ಲಿನಲ್ಲಿ ದಿಕ್ಕು ಚೆಲ್ಲಾಪಿಲ್ಲಿಯಾಗುತ್ತದೆ, ಅಕ್ಕಪಕ್ಕದ ಡೈಕುಗಳ ದಿಕ್ಕಿಗೇ ಬಂದು ನಿಲ್ಲುವುದಿಲ್ಲ.

ಈ ಸೀಮೆಯ ಕರಿಕಲ್ಲುಗಳಲ್ಲಿ ಕಾಂತದಿಕ್ಕು ಹೆಚ್ಚುಕಡಿಮೆ ನೆಟ್ಟಗೆ ನೆಲದೊಳಕ್ಕೆ ತೋರುತ್ತದೆ. ಆ ಆರು ಕೋರುಗಳಲ್ಲಿ ನೆಟ್ಟಗೆ ಆಕಾಶಕ್ಕೆ. ಬಾಣವನ್ನೇ ಉಲ್ಟಾ ಬರೆದಿದ್ದರೂ ಹೀಗೇ ಕಾಣುತ್ತದೆ. ಭೂಮಿ ತಲೆಕೆಳಗಾಗಬೇಕಿಲ್ಲ, ಕೋರು ತಲೆಕೆಳಗಾದರೆ ಸಾಕು.

ಅವತ್ತಿನದು ನನಗೆ ನೆನಪಿದೆ. ತಲೆನೋವು ಎಂದು ನಾನು ಜೀಪಿನಲ್ಲಿ ಮಲಗಿದ್ದೆ. ಕೊರೆದದ್ದು, ಗುರುತು ಹಾಕಿದ್ದು ಎಲ್ಲ ಅವಳೇ. ಚುಕ್ಕೆ ಇಡಲು ಟೈಮಿಲ್ಲದ ಹುಡುಗಿ!

ಈ ಸೀಸನ್ನಿನಲ್ಲಿ ಇವತ್ತೇ ನೆಮ್ಮದಿಯಾಗಿ ಊಟ ಮಾಡಿದ್ದು. ಎರಡು ಮುದ್ದೆ.

೧೫ ಜನವರಿ, ಗುರುವಾರ. ಸಂಕ್ರಾಂತಿ

ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಗಯಾಜ್ ಅವರ ಗ್ಯಾರೇಜಿಗೆ ಹೋದೆ. ಕೋರುಗಳ ಮೇಲ್ತುಂಡು ಅಳತೆಗೆ ಬಾರದು, ಬಿಸಿಲು ಮಳೆಗೆ ಹಾಳಾಗಿರುತ್ತದೆ. ಅದನ್ನು ಇಲ್ಲೇ ಕತ್ತರಿಸಿ, ಬೆಂಗಳೂರಿಗೆ ಹೊರುವುದು ಯಾಕೆ ಎಂದು ಚೀಲದಲ್ಲಿ ಕಟ್ಟಿ ಅವರ ಅಟ್ಟದ ಮೇಲೆ ಇಡುತ್ತೇವೆ. ಪಕ್ಕದಲ್ಲಿ ಅವರ ಮನೆಯ ಕೊಬ್ಬರಿ ಚೀಲ.

"ಏನ್ ಮೇಡಂ, ಹಬ್ಬದ ದಿನಾನೂ ಕಲ್ಲು ನೋಡ್ತೀರಾ?" ಎಂದರು ಗಯಾಜ್. ಏಣಿ ತಾವೇ ಹಿಡಿದುಕೊಂಡರು. "ನಮ್ ಹುಡುಗಿ ಹೇಳ್ತಾ ಇರ್ತಾಳೆ, ಜೀವಕ್ಕ ಇಲ್ದಿದ್ರೆ ನಾನು ಡ್ರಿಲ್ ಹಿಡಿಯೋದೇ ಕಲೀತಿರ್ಲಿಲ್ಲ ಅಬ್ಬಾ ಅಂತ."

ಅಟ್ಟದಲ್ಲಿ ಬಗ್ಗಿ ಕುಳಿತು ಫೋನಿನ ಬೆಳಕು ಬಿಟ್ಟೆ. ಮೇಲ್ತುಂಡಿನ ಒಂದು ತುದಿಯಲ್ಲಿ ಕಂದು ಸಿಪ್ಪೆ ಇರುತ್ತದೆ, ಕೊಬ್ಬರಿಗೆ ಇರುವಂತೆ. ಆ ತುದಿ ಆಕಾಶದ ಕಡೆ. ಬಾಣ ಅದಕ್ಕೆ ಬೆನ್ನು ಮಾಡಿರಬೇಕು. ಮೊದಲ ತುಂಡು: ಬಾಣ ಸಿಪ್ಪೆಯ ಕಡೆಗೆ! ಎರಡನೆಯದು ಹಾಗೇ. ಆರಕ್ಕೆ ಆರೂ ಉಲ್ಟಾ. ಉಳಿದ ಎರಡು ಸರಿ.

ಧೂಳಿನಲ್ಲಿ ಕುಳಿತು ನಗು ಬಂತು. ಎಲ್ಲದರ ಫೋಟೋ ತೆಗೆದುಕೊಂಡು ಇಳಿದೆ. ಗಯಾಜ್ ನನ್ನ ತಲೆಯ ಮೇಲಿದ್ದ ಜೇಡರ ಬಲೆ ತೋರಿಸಿ, ಚಹಾ ತರಿಸಿದರು. ಅವರ ಮುಖ ನೋಡಲು ಸ್ವಲ್ಪ ಕಷ್ಟವಾಯಿತು. ಆದರೆ ನಿಜ ನಿಜವೇ, ನಾಳೆಯೇ ಸರ್‌ಗೆ ತೋರಿಸುತ್ತೇನೆ.

ಅದೇ ದಿನ, ಸಂಜೆ

ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಆರರಲ್ಲಿ ಐದು ಬಾಣಗಳ ಬಾಲದಲ್ಲಿ ಚುಕ್ಕೆ ಇದೆ. ಆರನೆಯದರಲ್ಲಿ ಉಜ್ಜಿ ಹೋಗಿದೆ.

ಸರಿಯಾಗಿ ಗುರುತು ಹಾಕಿದ ಆ ಎರಡರಲ್ಲಿ ಚುಕ್ಕೆ ಇಲ್ಲ.

೧೬ ಜನವರಿ, ಶುಕ್ರವಾರ

ತಲೆನೋವು ಎಂದು ಹೇಳಿ ರೂಮಿನಲ್ಲೇ ಉಳಿದೆ. ಊಟ ಬೇಡವಾಯಿತು.

೧೮ ಜನವರಿ, ಭಾನುವಾರ

ಈಗ ಎಲ್ಲ ನೆನಪಾಗುತ್ತಿದೆ. ಅವತ್ತು ನಾನು ಬೆಳಗ್ಗೆಯೇ ಮಲಗಲಿಲ್ಲ. ಆರು ಕೋರಿಗೆ ಗುರುತು ಹಾಕಿದ ಮೇಲೆ ಹೋಗಿ ಮಲಗಿದೆ. ತಲೆನೋವೂ ಇರಲಿಲ್ಲ. ನನಗೆ ಇಲ್ಲ ಎಂದಿದ್ದ ಬಂಡೆಯನ್ನು ಅವಳು ಹಾಡು ಗುನುಗುತ್ತಾ ಕೊರೆಯುತ್ತಿದ್ದಳು, ಅದನ್ನು ನೋಡಲು ಆಗಲಿಲ್ಲ. ಕೈಗೆ ಕೋರು ಬಂದಾಗ ಮನಸ್ಸು ಹನ್ನೊಂದು ವರ್ಷ ಹಿಂದೆ ಇತ್ತು, ಕೈಯೂ ಅಲ್ಲೇ ಇತ್ತು. ಹಳೆಯ ಗುರುಗಳ ಹಾಗೆ ಬಾಣವನ್ನು ಹೊರಕ್ಕೆ ಬರೆದುಬಿಟ್ಟಿದೆ. ಉಳಿದ ಎರಡನ್ನು ಅವಳು ಒಬ್ಬಳೇ ಕೊರೆದು, ಒಬ್ಬಳೇ ಸರಿಯಾಗಿ ಬರೆದಳು.

ಬಾಯಿ ಮುಚ್ಚಿಕೊಂಡರೆ ಅವಳು ಗೆಲ್ಲುತ್ತಾಳೆ, ಅದೂ ನನ್ನ ತಪ್ಪಿನಿಂದ. ಬಾಯಿ ಬಿಟ್ಟರೆ ಅವಳ ಜೊತೆ ನಾನೂ ಬೀಳುತ್ತೇನೆ. ಅವಳು ಮಾತ್ರ ಬೀಳುವ ದಾರಿ ಇದೆಯೇ ಎಂದು ಎರಡು ದಿನ ಹುಡುಕಿದೆ. ಗ್ಯಾರೇಜಿನಲ್ಲಿ ಥಿನ್ನರ್ ಇದೆ, ಹತ್ತಿಯಲ್ಲಿ ಒರೆಸಿದರೆ ಚುಕ್ಕೆ ಹೋಗುತ್ತದೆ ಎಂದೂ ಯೋಚಿಸಿದೆ. ನಿಜ ಬರೆಯುತ್ತೇನೆ ಎಂದು ಹೇಳಿದ್ದೆನಲ್ಲ, ಬರೆದಿದ್ದೇನೆ.

ಒರೆಸುವುದು ಬೇಡ. ಚುಕ್ಕೆ ಉಜ್ಜಿ ಹೋಗಿರುವ ಆರನೆಯ ತುಂಡು ಇದೆಯಲ್ಲ, ಅದೊಂದನ್ನೇ ತೋರಿಸಿದರೆ ಸಾಕು. ಬಾಣ ಉಲ್ಟಾ ಇದೆ ಎನ್ನುವುದು ಸುಳ್ಳಲ್ಲ. ಯಾರು ಬರೆದದ್ದು ಎಂದು ಕೇಳಿದರೆ ತಾನೇ?

೧೯ ಜನವರಿ, ಸೋಮವಾರ

ಗ್ಯಾರೇಜಿನಲ್ಲಿ ತೋರಿಸಿದೆ. ಸರ್ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಉಳಿದದ್ದೂ ತಗೊಂಡ್ಬಾ," ಎಂದರು. ರುಕ್ಸಾನ ಅಟ್ಟ ಹತ್ತಿದಳು. ಅವಳು ಮೇಲೆ ಎಷ್ಟು ಹೊತ್ತು ಇದ್ದಳೋ. ನನಗೆ ಕುಂಬಳಕಾಯಿ ಕಳ್ಳನ ಪಾಡು, ಕೈ ಸುಮ್ಮನೆ ಹೆಗಲ ಕಡೆಗೇ ಹೋಗುತ್ತಿತ್ತು. ಐದು ತುಂಡುಗಳನ್ನು ದುಪಟ್ಟಾದ ಮಡಿಲಿನಲ್ಲಿ ಹಾಕಿಕೊಂಡು ಇಳಿದು ಬಂದಳು. ಒಂದನ್ನು ಎತ್ತಿ ಸರ್ ಮುಂದೆ ಹಿಡಿದಳು.

"ಎಲ್ಲಾನೂ ಉಲ್ಟಾ ಐತೆ ಸರ್."

"ಯಾರು ಮಾರ್ಕ್ ಮಾಡಿದ್ದು?"

ಅವಳ ಹೆಬ್ಬೆರಳು ಬಾಣದ ಬಾಲದ ಮೇಲಿತ್ತು. ಸರಿಯಾಗಿ ಚುಕ್ಕೆಯ ಮೇಲೆ. ಅವಳು ನನ್ನ ಕಡೆ ನೋಡಲಿಲ್ಲ.

"ಸೈಟ್ ನಂದು ಸರ್. ನಾನೇ ನೋಡ್ಕಬೇಕಿತ್ತು."

ಸರ್ ಬೈದರು. ಅವರ ಬೈಗುಳ ಮೆಲ್ಲಗಿರುತ್ತದೆ, ಒಂದೊಂದೇ ಮಾತು. ಆಳಿಗೂ ಗೊತ್ತಿರುವ ಕೆಲಸ ಎಂದರು. ಎರಡು ವರ್ಷ ಹಾಳು ಎಂದರು. ಗಯಾಜ್ ಬಿಚ್ಚಿದ ಮೋಟಾರಿನ ಮುಂದೆ ಕುಳಿತು, ಸ್ಪ್ಯಾನರ್ ಕೈಯಲ್ಲಿ ಹಿಡಿದು, ಮಗಳನ್ನು ಬೈಯುವುದನ್ನು ಕೇಳುತ್ತಿದ್ದರು. ನಾನು ಒಂದು ಮಾತು ಆಡಲಿಲ್ಲ. ಆಡಬಹುದಾಗಿತ್ತು. ಆಡಲಿಲ್ಲ.

ಅವಳು ಬೀಳಬೇಕು ಎಂದು ನಾನು ಬಯಸಿದ್ದು ಹೀಗಲ್ಲ ಎಂದು ಬರೆಯಲು ಹೊರಟೆ. ಹೀಗೇ ಬಯಸಿದ್ದೆ. ಅವಳಪ್ಪ ನೋಡುತ್ತಿರುತ್ತಾರೆ ಎಂಬುದೊಂದು ಎಣಿಕೆಯಲ್ಲಿ ಇರಲಿಲ್ಲ.

೨೦ ಜನವರಿ, ಮಂಗಳವಾರ

ಬೆಳಗ್ಗೆ ಸರ್ ತಿಂಡಿ ತಿನ್ನುತ್ತಿದ್ದಾಗ ಹೋಗಿ ಎದುರು ನಿಂತೆ. ಚುಕ್ಕೆ ನನ್ನದು, ಬಾಣ ನನ್ನದು, ನಿನ್ನೆ ಸುಮ್ಮನಿದ್ದದ್ದೂ ನಾನೇ ಎಂದೆ. ಸರ್ ಇಡ್ಲಿಯ ತಟ್ಟೆಯನ್ನು ದೂರ ತಳ್ಳಿದರು.

"ಹದಿನೈದು ವರ್ಷ ಕೆಲಸ ಮಾಡಿದೀರ ಕಣ್ರೀ, ನೀವು!"

"ಹೌದು ಸರ್."

"ಮುಂದಿನ ವರ್ಷದಿಂದ ಫೀಲ್ಡಿಗೆ ಬೇಡ. ಲ್ಯಾಬಲ್ಲೇ ಇರಿ." ನೀರಿನ ಲೋಟ ಎತ್ತಿಕೊಂಡು ಹೇಳಿದರು, "ಅವಳೂ ಚೆಕ್ ಮಾಡ್ಬೇಕಿತ್ತು. ಎರಡು ಕೋರ್ ಬಿಟ್ಟಿದ್ದು ಅವಳೇ."

"ಸಿಡಿಲು ಅಂತ ಬರೆದದ್ದು ನೀವು ಸರ್," ಎಂದೆ. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅವರು ಕೈ ತೊಳೆಯಲು ಎದ್ದುಹೋದರು.

ಗ್ಯಾರೇಜಿಗೆ ಹೋದೆ. ಮೊದಲು ಗಯಾಜ್ ಅವರಿಗೆ ಹೇಳಿದೆ, ತಪ್ಪು ನಿಮ್ಮ ಮಗಳದ್ದಲ್ಲ, ನನ್ನದು ಎಂದು. ಅವರು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಾ, "ಗೊತ್ತು ಮೇಡಂ, ನಿನ್ನೇನೇ ಹೇಳಿದ್ಲು," ಎಂದರು. ಚಹಾ ತರಿಸಲಿಲ್ಲ.

ರುಕ್ಸಾನ ಹಿಂದಿನ ಬಾಗಿಲಲ್ಲಿ ಡ್ರಿಲ್ಲಿನ ಪ್ಲಗ್ ಉಜ್ಜುತ್ತಿದ್ದಳು. ಹೆಬ್ಬೆರಳು ಯಾಕೆ ಅಡ್ಡ ಇಟ್ಟೆ ಎಂದು ಕೇಳಿದೆ.

"ನಾನಂತೂ ಬೈಸ್ಕಳ್ಳಾದು ಗ್ಯಾರಂಟಿ ಆಗಿತ್ತು. ಇಬ್ರು ಯಾಕೆ ಅನ್ನಿಸ್ತು. ನೀವೇ ಹೇಳ್ತೀರ ಅಂತಾನೂ ಅನ್ಕಂಡಿದ್ದೆ, ನಿನ್ನೇನೇ."

"ಸಿಟ್ಟಿಲ್ವೇನೇ?"

"ಐತೆ ಅಕ್ಕ. ಭಾಳ ಐತೆ. ಈಗ ನಿಮ್ ಮುಖ ನೋಡಾಕೆ ಆಗ್ತಿಲ್ಲ, ಹೋಗಿ."

ಬಂದೆ. ಅಷ್ಟು ಸಿಟ್ಟಿನಲ್ಲೂ ಅಕ್ಕ ಅಂದಳಲ್ಲ.

೨೩ ಜನವರಿ, ಶುಕ್ರವಾರ

ಹದಿನೇಳನೆಯ ತಾಣವನ್ನು ಮತ್ತೆ ಕೊರೆದೆವು. ಬೇರೆ ಯಾರೂ ಇಲ್ಲದ್ದಕ್ಕೆ ಸರ್ ನನ್ನನ್ನೇ ಕಳಿಸಿದರು. ದೊಡ್ಡಣ್ಣ ಒಗೆಯುವ ಬಟ್ಟೆಯನ್ನೆಲ್ಲ ಎತ್ತಿ, "ಇನ್ನೂ ಎಂಟು ತೂತಾ? ನಮ್ಮವ್ವ ಬದುಕಿದ್ದಿದ್ರೆ ನಿಮ್ಗೆ ಪೊರಕೆ ತಗಂಡಿರೋಳು," ಎಂದ.

ರುಕ್ಸಾನ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಮೊದಲ ಕೋರು ಹೊರಬಂದಾಗ ಮಾರ್ಕರನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಹಾಕಿ. ಆದ್ರೆ ಜೋರಾಗಿ ಹೇಳ್ಕಂಡು ಹಾಕಿ."

"ಒಳಕ್ಕೆ," ಎಂದೆ.

"ಒಳಕ್ಕೆ," ಎಂದು ಅವಳೂ ನೋಡಿ ಹೇಳಿದಳು. ಮೂರನೆಯ ಕೋರಿನ ಹೊತ್ತಿಗೆ ದೊಡ್ಡಣ್ಣನೂ ಮರದ ಬುಡದಿಂದ "ಒಳಕ್ಕೇ!" ಎಂದು ಕೂಗತೊಡಗಿದ. ಎಂಟನೆಯದಕ್ಕೆ ಅವಳ ತುಟಿ ಸ್ವಲ್ಪ ಅಲುಗಿತ್ತು. ಎಳನೀರನ್ನು ಆತ ಮೊದಲು ಅವಳಿಗೇ ಕೆತ್ತಿ ಕೊಟ್ಟ, ದೊಡ್ಡ ಬುರುಡೆ. ನನ್ನದರಲ್ಲಿ ನಾಲ್ಕು ಗುಟುಕು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಫಲಿತಾಂಶ ಲ್ಯಾಬಿನಿಂದ ಬರಬೇಕು. ನಮ್ಮಿಬ್ಬರಿಗೂ ಈಗಲೇ ಗೊತ್ತಿದೆ. ನಮ್ಮ ಬಂಡೆ ತಲೆಕೆಳಗಾಗಿಲ್ಲ.

೩೧ ಜನವರಿ, ಶನಿವಾರ

ಬೆಂಗಳೂರಿನ ಇನ್ನೊಂದು ಲ್ಯಾಬಿನಿಂದ ರಂಗಪ್ಪ ಎಂಬ ಪ್ರೊಫೆಸರ್ ಡೈಕುಗಳನ್ನು ನೋಡಲು ಬಂದಿದ್ದರು. ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ರುಕ್ಸಾನ ಟೇಬಲಿನ ಆ ತುದಿಯಲ್ಲಿ, ತಲೆ ಬಗ್ಗಿಸಿಕೊಂಡು.

ಕಾಂತದಿಕ್ಕಿನ ಫಲಿತಾಂಶ ನಿನ್ನೆ ಬಂದಿದೆ, ಎಂಟಕ್ಕೆ ಎಂಟೂ ನೆಟ್ಟಗೆ. ಆದರೆ ಹರಳಿನ ವಯಸ್ಸು ಸುಳ್ಳಾಗುವುದಿಲ್ಲ. ಆ ಎರಡು ಡೈಕುಗಳ ನಡುವಿನ ಇಪ್ಪತ್ತು ಲಕ್ಷ ವರ್ಷ ಭೂಮಿ ಮಗ್ಗುಲು ಬದಲಾಯಿಸಿದ ಸುಳಿವಿಲ್ಲ ಎಂದಾಯಿತು. ಇನ್ನು ಹುಡುಕುವವರು ಆ ಕಾಲ ಬಿಟ್ಟು ಅದರ ಹಿಂದೆ ಮುಂದೆ ಹುಡುಕಬಹುದು. ರಂಗಪ್ಪನವರಿಗೆ ಅದೇ ದೊಡ್ಡದಾಗಿ ಕಂಡಿತು. "ಇಷ್ಟು ಚೊಕ್ಕ ಡೇಟು ಈ ಕಡೆ ಎಲ್ಲೂ ನೋಡಿಲ್ಲ ಸಾರ್, ಯಾರು ಮಾಡಿದ್ದು?" ಎಂದು ಕೇಳಿದರು.

"ನಮ್ ಲ್ಯಾಬಲ್ಲೇ," ಎಂದರು ಸರ್, ಸಾರು ಬಡಿಸಿಕೊಳ್ಳುತ್ತಾ.

ಊಟ ಮುಗಿಯುವವರೆಗೂ ಕಾದೆ. ಅವಳ ಹೆಸರು ಬರಬಹುದು ಎಂದು ಎಣಿಸಲು ಬೆರಳು ಮಡಿಸಿಕೊಂಡೇ ಕುಳಿತಿದ್ದೆ. ಮಜ್ಜಿಗೆ ಬಂತು, ಬಾಳೆಹಣ್ಣು ಬಂತು. ಸರ್ ಬಾಯಲ್ಲಿ ಆ ಹೆಸರು ಒಂದು ಸಲವೂ ಬರಲಿಲ್ಲ.

"ರುಕ್ಸಾನ," ಎಂದೆ ನಾನು. ಸ್ವಲ್ಪ ಜೋರಾಗಿಯೇ ಬಂತು, ಪಕ್ಕದ ಟೇಬಲಿನವರೂ ತಿರುಗಿದರು. "ಹರಳು ಹೆಕ್ಕಿದ್ದು ರುಕ್ಸಾನ ಸಾರ್, ಆರು ತಿಂಗಳು. ಅಗೋ, ಅಲ್ಲಿ ಕೂತಿದಾಳಲ್ಲ, ಅವಳೇ ರುಕ್ಸಾನ. ಇದೇ ಊರು, ಗಯಾಜ್ ಮೆಕ್ಯಾನಿಕ್ ಮಗಳು. ಆ ಬಂಡೆ ಕೊರೆಯೋದಕ್ಕೆ ನನಗೆ ಬಿಡಲಿಲ್ಲ, ರುಕ್ಸಾನ ಕೇಳಿದ್ದಕ್ಕೆ ಬಿಟ್ರು."

ರಂಗಪ್ಪನವರು ಬಾಳೆಹಣ್ಣು ಹಿಡಿದುಕೊಂಡು ಅವಳ ಪಕ್ಕ ಹೋಗಿ ಕುಳಿತರು. ಒಂದು ಗಂಟೆ ಮಾತಾಡಿದರು. ಆಮೇಲೆ ಅವರನ್ನು ಬಸ್ಸಿಗೆ ಬಿಡಲು ಹೋದಾಗಲೂ ದಾರಿಯುದ್ದಕ್ಕೂ ನಾನು ಅವಳ ವಿಷಯವನ್ನೇ ಹೇಳಿದೆನಂತೆ. ಡ್ರೈವರ್ ನಗುತ್ತಿದ್ದ. ಎಷ್ಟು ಸಲ ಅವಳ ಹೆಸರು ಹೇಳಿದೆನೋ, ಎಣಿಸಲಿಲ್ಲ.